ಒಂದನೇ ಜನವರಿಯ ಬಸ್ಸು

ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ, ಅಷ್ಟೇ.
ಕಪ್ಪು ಪರದೆಯ ಮೂಲೆಯಲ್ಲೊಂದು ಬಿಳಿ ಗೆರೆ
ರೆಪ್ಪೆ ಬಡಿಯುತ್ತದೆ
ಐನೂರರ ನೋಟು ಹಿಡಿದು ನಿಂತ ಪ್ರಯಾಣಿಕನ ಹಾಗೆ.

ರಜೆಯ ಸೋಮವಾರ, ಹಳೆ ಚಾದರದಲ್ಲಿ ಸುತ್ತಿ
ಸದಾಶಿವಗಡದಿಂದ ಪೇಟೆಗೆ ಹೊತ್ತು ತಂದೆ.
ಲಗೇಜಿಗೂ ಟಿಕೆಟ್ ಹರಿ ಅಂದರೆ
ಮಧುಕರ ಗುನಗಿ ನಕ್ಕ:
'ನಿನಗೆ ನಾನು ಟಿಕೆಟ್ ಹರಿಯೂದಾ?'

ಬೇಕರಿಯ ಮಾಳಿಗೆಯಲ್ಲಿ ಸಂಜೀತಾ ಕೊಠಾರಕರಳ ಅಂಗಡಿ.
ಬನ್ನಿನ ವಾಸನೆಯ ನಡುವೆ ಸ್ಕ್ರೂ ಬಿಚ್ಚಿ
ಟಾರ್ಚು ಬಿಟ್ಟಳು.
ವರ್ಷವೆಲ್ಲ ತಿಕ್ಕದೆ ಬಿಟ್ಟ ದೇವರ ಪಾತ್ರೆಯ ಕಿಲುಬು.
'ಉಪ್ಪುಗಾಳಿ. ಈ ಊರಿನ ಎಲ್ಲ ಯಂತ್ರಕ್ಕೂ ಇದೇ ಕಾಯಿಲೆ.
ಡಿಸ್ಕಿನಲ್ಲಿ ಜೀವ ಇರಬಹುದು.
ಒಳಗೇನಿದೆ ಅಕ್ಕಾ, ಫೋಟೋನಾ?'

'ಟೈಪಿಂಗು' ಅಂದೆ.

ಹೇಗೆ ಹೇಳಲಿ, ಹದಿನಾರು ವರ್ಷ
ಉಳಗಾ ಬಸ್ಸಿನಲ್ಲಿ ದಿನಕ್ಕೊಂದು ಮಾತು ಕದ್ದೆ ಅಂತ.
ಕೊಂಕಣಿಯಲ್ಲಿ ಕೇಳಿದ್ದನ್ನು ರಾತ್ರಿ ಕನ್ನಡದಲ್ಲಿ ಕುಟ್ಟಿದೆ,
ಹೆಸರು ಬರೆಯದೆ, ಸೀಟು ಬರೆದು.

'ಬಾವಿಗೆ ಹೊಳೆಯ ಉಪ್ಪು ಬಂದಿದೆ,
ಚಾ ಮಾಡಿದರೆ ಹಾಲು ಒಡೀತದೆ.'
'ಮದುವೆಗೆ ಬರಲಿಲ್ಲ ಅವಳು.
ಬುಟ್ಟಿ ತುಂಬ ಬಳಚು ಕಳಿಸಿದ್ದಳು.'
ಮುಂದಿನ ಬಾಗಿಲ ಹತ್ತಿರದ ಹುಡುಗ:
'ಅರ್ಧ ಟಿಕೆಟ್ ಅಂದರೆ ಅರ್ಧ ದಾರಿಗೇ ಇಳೀಬೇಕಾ?'

ಡಿಸ್ಕು ಕಿತ್ತು ಇನ್ನೊಂದು ಯಂತ್ರಕ್ಕೆ ಕಟ್ಟಿದಳು.
'ರಾತ್ರಿಯೆಲ್ಲ ಓಡಬೇಕು. ನಾಳೆ ಬನ್ನಿ.'
ನಾಳೆ ಫಸ್ಟ್ ಶಿಫ್ಟು. ನಾಡಿದ್ದು ಹೋದೆ.

ಬಂದಿದ್ದವು. ಹೆಸರು ಕಳಕೊಂಡು, ಬರೀ ನಂಬರು ಹೊತ್ತು,
ಮೂರು ಸಾವಿರದ ಇನ್ನೂರ ಏಳು ಕಡತ.
ತೆರೆದರೆ ನನ್ನ ಕನ್ನಡವೆಲ್ಲ ಪೌಂಡಿನ ಚಿಹ್ನೆ, ಡಿಗ್ರಿಯ ಸೊನ್ನೆ,
ತಲೆಗೆ ಟೊಪ್ಪಿಗೆ ಇಟ್ಟ ಯಾವುದೋ ದೇಶದ ಎ.
ಸಂಜೀತಾ ಡ್ರಾಯರ್ ತಡಕಾಡಿ
ಗೀರು ಬಿದ್ದ ಸೀಡಿಯಿಂದ ಹಳೆ ಫಾಂಟು ಹಾಕಿದಳು.
ಟೊಪ್ಪಿಗೆ ತೆಗೆದು ಅಕ್ಷರಗಳು ಕೂತವು;
ಕೆಲವಕ್ಕೆ ಒತ್ತಿಲ್ಲ, ಕೆಲವಕ್ಕೆ ಕೊಂಬಿಲ್ಲ.

'ತಾರೀಖು ಮಾತ್ರ ಸಿಗಲಿಲ್ಲ ಅಕ್ಕಾ.'
ಎಲ್ಲದರ ಎದುರೂ ಒಂದೇ:
ಒಂದು ಜನವರಿ, ಸಾವಿರದ ಒಂಬೈನೂರ ಎಂಬತ್ತು.

ನಾನು ಆಗ ಹುಟ್ಟಿರಲಿಲ್ಲ.
ಆದರೂ ಚೀಲ ಹೆಗಲಿಗೆ ಹಾಕಿ 'ರೈಟ್' ಅನ್ನುತ್ತೇನೆ.
ಒಂದೇ ಟ್ರಿಪ್ಪಿನಲ್ಲಿ ಹದಿನಾರು ವರ್ಷದ ಜನ.
ಬಳಚಿನ ಮಾತಿನವಳ ಪಕ್ಕ ಆ ಹುಡುಗ,
ಮೀಸೆ ಮೂಡಿದ ಅವನೇ ಹಿಂದಿನ ಸೀಟಿನಲ್ಲಿ,
ಫೋನಿನೊಳಗೆ ಯಾರಿಗೋ 'ಸುಳ್ಳು ಹೇಳಬೇಡ' ಅನ್ನುತ್ತ.
ಕಿಟಕಿಗೆ, ತೀರಿಹೋದ ಪೋಸ್ಟಿನ ಬಾಬಲೋ.
ಕಾಳಿಯ ಮೇಲೆ ಹಳೆ ಸೇತುವೆ.
ಆ ತಾರೀಖಿಗೆ ಅದರ ಮೇಲೆ ಬಸ್ಸು ಓಡುತ್ತಿರಲಿಲ್ಲ,
ಈಗ ಬಿದ್ದೇ ಹೋಗಿದೆ.
ನಾವು ದಾಟುತ್ತೇವೆ.
ಯಾರೂ 'ಹೋಲ್ಡಾನ್' ಅನ್ನುವುದಿಲ್ಲ.

ಕೆಳಗೆ ಬೇಕರಿಯ ಶಟರು ಎಳೆದ ಸದ್ದು.
'ನೂರಕ್ಕೆ ಅರವತ್ತೇಳು ಬಂತು.'
ಉಳಿದದ್ದು?
ನನ್ನ ಕೆಲಸ ಗೊತ್ತಿದ್ದವಳ ಹಾಗೆ
ಬಿಲ್ಲು ಮಗುಚಿ, ಬೆನ್ನಿಗೆ ಪೆನ್ನಿನಲ್ಲಿ ಬರೆದು, ಅಡಿಗೆರೆ ಎಳೆದಳು:
ಬಾಕಿ ಮೂವತ್ತಮೂರು.

ಎಷ್ಟು ಟಿಕೆಟ್ಟಿನ ಹಿಂದೆ ಹೀಗೆ ಬರೆದಿದ್ದೇನೆ,
ಇಳಿಯುವಾಗ ಕೇಳಿ ತಗೊಳ್ಳಿ ಅಂತ.
ಮರೆತು ಇಳಿದವರೇ ಹೆಚ್ಚು.

ಒಂದು ಕಡತದಲ್ಲಿ ಇಷ್ಟೇ ಉಳಿದಿದೆ:
'ಬಲಗಡೆ, ಹಿಂದಿನಿಂದ ಎರಡನೇ ಸೀಟು.
ಇಳಿಯುವಾಗ ಅವಳು ನನಗೇ ಹೇಳಿದ್ದು'

ನಾಳೆ ಏಳೂ ಹತ್ತರ ಉಳಗಾ ನನ್ನದು.
ಆ ಸೀಟಿನ ಹತ್ತಿರ ಚಿಲ್ಲರೆ ಎಣಿಸುವ ನೆವದಲ್ಲಿ
ಸ್ವಲ್ಪ ಹೊತ್ತು ನಿಲ್ಲುತ್ತೇನೆ.