ನಾನೂರಾ ಹನ್ನೆರಡು ಬೆನ್ನು

ಪುಂಡಲೀಕ ನನ್ನ ಫೋನಿನ ಬೇರಿಗೆ ಕೈ ಹಚ್ಚಿದ್ದು
ಎರಡು ವರ್ಷದ ಹಿಂದ, ಹೋಳಿ ಹುಣ್ಣಿವಿ ಮುಂದ.
ಕಂಪನಿಯವರು ತುರುಕಿದ ಕಸಾ ಎಲ್ಲಾ ಕಿತ್ತೊಗೆದು
‘ರೂಟ್ ಮಾಡೀನಿ ಚಿಗವ್ವ, ಇನ್ನ ಇದು ಖರೇನ ನಿಂದು.
ಒಂದಽ ನೆನಪಿಡು:
ಮ್ಯಾಲಿಂದ ಅಪ್‌ಡೇಟ್ ಬಂತಂದ್ರ
ಹೂಂ ಅನಬ್ಯಾಡ’ ಅಂದ.

ಅನಲಿಲ್ಲ.
ದಿನಾ ಬರತಿತ್ತು ಅದು, ಸಂಘದ ಕಂತು ಕೇಳೂ ಹುಡುಗನಂಗ
ಬಾಗಲದಾಗ ನಿಂತು: ಈಗೋ, ಆಮ್ಯಾಲೋ?
ಆಮ್ಯಾಲ, ಅಂತ ಒತ್ತಿ
ಮತ್ತ ಕಂಡಿಕಿ ಸುತ್ತತಿದ್ದೆ.

ಆ ಫೋನಿನಾಗ ಏನಿತ್ತು?
ಬೆನ್ನು.
ನಾನೂರಾ ಹನ್ನೆರಡು ಹೆಂಗಸರ ಬೆನ್ನು.

ಗುಳೇದಗುಡ್ಡದಾಗ ಖಣ ನೇಯೂ ಮಗ್ಗ ನಮ್ಮದು.
ಮಾವನ ಕಾಲದ ಚಿತ್ತಾರದ ಹಾಳಿ ಗೆದ್ದಲು ತಿಂದು
ಹೆಸರು ಬಾಯಾಗ ಉಳದಿದ್ವು, ಗೆರಿ ಕೈಯಾಗ ಉಳದಿರಲಿಲ್ಲ.
ಅದಕ್ಕ ಹುಡುಕಾಕ ಹತ್ತಿದೆ:
ಬದಾಮಿ ಬಸ್ಸಿನಾಗ ಮುಂದಿನ ಸೀಟಿನಾಕಿ,
ಕಮತಗಿ ಸಂತ್ಯಾಗ ಬದನಿಕಾಯಿ ಆರಸಾಕಿ,
ಸೀಮಂತದ ಪಂಕ್ತ್ಯಾಗ ಕಡೀಕ ಕುಂತಾಕಿ.
‘ಯವ್ವಾ, ಒಂದೀಟು ಬೆನ್ನು ತಿರುಗಸ.’
‘ಯಾಕ?’
‘ನಿನ್ನ ಕುಬಸದ ಚಿತ್ತಾರ ಛಂದೈತಿ.’
ನಗತಿದ್ರು. ಕೆಲವರು ಬೈದ್ರು.
ಕೋಟಿಕಲ್ಲಿನ ಬಾಳವ್ವ ಮಾತ್ರ
ಸೆರಗು ಸರಿಸಿ, ಬಿಸಲಿಗೆ ಬೆನ್ನು ಕೊಟ್ಟು
‘ನನ್ನ ಮದಿವಿದು. ತಕ್ಕೋ, ಸಾವಕಾಶ ತಕ್ಕೋ’ ಅಂದ್ಲು.
ಅಕಿ ಬೆನ್ನಿನ ಮ್ಯಾಲ ಹಳೇ ಆನಿಹೆಜ್ಜಿ;
ಹೆಜ್ಜಿ ನಡುವ ಒಂದು ಚುಕ್ಕಿ,
ಈಗ ಯಾರೂ ಹಾಕದ ಚುಕ್ಕಿ.

ಮಂಗಳವಾರ ರಾತ್ರಿ
ಕರೆಂಟ್ ಹೋಗಿ, ಬಂದು, ಮತ್ತ ಹೋಗಿ,
ಕೈ ತುಂಬ ಗಂಜಿ. ಬೆರಳಿನ ಗೆಣ್ಣಿಲೆ ಒತ್ತಿದೆ.
ದಿನಾ ಎಡಕ್ಕ ‘ಆಮ್ಯಾಲ’ ಇರತಿತ್ತು.
ಅವತ್ತು ಎಡಕ್ಕ ‘ಈಗ’ ಇತ್ತು.

ಫೋನು ಕಣ್ಣು ಮುಚ್ಚಿತು, ತೆರೀತು.
ಕಂಪನಿ ಹೆಸರು ಬಂತು, ಹೋತು. ಬಂತು, ಹೋತು.
ಲಾಳಿ ಇದ್ದಂಗ, ಅತ್ತ, ಇತ್ತ, ಅತ್ತ,
ನೂಲಿಲ್ಲದ ಲಾಳಿ.
ಬೆಳಕು ಹರಿಯೂತನಕ ನೋಡಿದೆ;
ಒಂದು ಗೇಣು ಅರಿವಿ ಹುಟ್ಟಲಿಲ್ಲ.

ಪುಂಡಲೀಕ ಓಡಿ ಬಂದ. ವಯರು ಹಚ್ಚಿದ,
ಪವರ್ ಗುಂಡಿ, ಸೌಂಡಿನ ಗುಂಡಿ ಜೋಡೀಲೆ ಅದುಮಿ
ಕರೀ ಪರದೆ ಮ್ಯಾಲಿನ ಸಣ್ಣ ಬಿಳೀ ಸಾಲು ಓದಿದ.
‘ಕೀಲಿ ಒಳಗಽ ಉಳದೈತಿ ಚಿಗವ್ವ.
ಎಲ್ಲಾ ಅಳಸಿದ್ರ ಫೋನು ಏಳತೈತಿ.
ಬ್ಯಾಕಪ್ ಐತೇನು?’
ನಗು ಬಂತು ನನಗ, ಬರಬಾರದಂಥಾ ನಗು.
‘ಬರೇ ಬ್ಯಾಕೇ ಇದ್ದುವಲ್ಲೋ ತಮ್ಮಾ.’
ಅವಗ ತಿಳೀಲಿಲ್ಲ.
‘ಅಳಸು’ ಅಂದೆ.

ಏಳು ನಿಮಿಷ ಹಿಡೀತು.
ಅಷ್ಟರಾಗ ಚಾ ಆತು. ಪುಂಡಲೀಕ ಕುಡೀಲಿಲ್ಲ.
ಫೋನು ಎದ್ದು, ಆಗಷ್ಟ ಹುಟ್ಟಿದಂಗ, ಕೇಳಿತು:
ನಿಮ್ಮ ಭಾಷೆ ಯಾವುದು?

ಕೋಟಿಕಲ್ಲಿಗೆ ಹೋದೆ. ಬಾಳವ್ವನ ಮೊಮ್ಮಗಳು
ಬಾಗಲದಾಗಽ ಹೇಳಿದ್ಲು: ‘ಸಂಕ್ರಾಂತಿ ಮರುದಿನ ಹೋದ್ಲು.
ಅದಽ ಕುಬಸ ತೊಡಿಸಿ ಮಣ್ಣು ಕೊಟ್ವಿ.’

ಒಂದಽ ಒಂದು ಉಳದಿತ್ತು.
ಇಳಕಲ್ಲಿನ ಗಂಗೂಗ ಎಂದೋ ವಾಟ್ಸಾಪಿನಾಗ ಕಳಿಸಿದ್ದು,
ಅಕಿ ಅಳಸಾಕ ಮರತದ್ದು.
ಬಾಳವ್ವನ ಬೆನ್ನು, ಹೆಬ್ಬಟ್ಟಿನಷ್ಟು.
ಹಿಗ್ಗಿಸಿದ್ರ ಒಡೀತು: ಚೌಕ, ಚೌಕ, ಚೌಕ.
‘ಕೆಟ್ಟೈತಿ’ ಅಂದ ಪುಂಡಲೀಕ.
ತಡಿ, ಅಂದೆ.
ಚೌಕ ನಮಗೇನು ಹೊಸಾದಲ್ಲ.
ಗ್ರಾಫಿನ ಹಾಳಿ ಹಾಸಿ, ಪೆನ್ಸಿಲ್ ಚೂಪು ಮಾಡಿ ಎಣಿಸಿದೆ:
ಕೆಂಪು ನಾಕು, ಕರಿ ಎರಡು,
ಮತ್ತೊಂದು ಕೆಂಪೂ ಅಲ್ಲ ಕರೀನೂ ಅಲ್ಲ,
ಫೋನು ತನ್ನ ಮನಸಿಗೆ ಬಂದಂಗ ತುಂಬಿದ್ದು.
ಚುಕ್ಕಿ ಇರೂ ಜಾಗಾದಾಗ ಒಂದು ಸಣ್ಣ ಮೆಟ್ಟಲ.

ಅಳಸಲಿಲ್ಲ. ಅದನ್ನಽ ನೇಯ್ದೆ.

ನಿನ್ನೆ ವ್ಯಾಪಾರಿ ಬಂದು, ಮೆಟ್ಟಲಿನ ಮ್ಯಾಲ ಬೆರಳಿಟ್ಟು
‘ಇದ್ಯಾವ ಚಿತ್ತಾರ?’ ಅಂದ.
‘ಆನಿಹೆಜ್ಜಿ’ ಅಂದೆ,
‘ಇಲ್ಲೊಂದೀಟು ಎಡವೈತಿ.’
ಅಂವ ಕನ್ನಡಕ ಏರಿಸಿ, ಬಗ್ಗಿ, ಮತ್ತೊಮ್ಮೆ ನೋಡಿ
ಇಪ್ಪತ್ತು ಗಜ ಬರಕೊಂಡ.