ಷರಾ

ದಿನಾ ಮುಂಜಾನೆ ಎಂಟೂವರೆಗೆ
ಸಾಲಿ ಹಿಂದಿನ ತಂತಿಬೇಲಿ ಒಳಗ
ಡಬ್ಬಿ ಮುಚ್ಚಳ ತೆಗೀತೀನಿ.
ಗಾಜಿನ ಕೊಳವಿಗೆ ಸುರುವಿ
ಕಣ್ಣಿನ ಮಟ್ಟಕ್ಕ ಹಿಡಿದು ಓದಿ
ಬುಕ್ಕಿನಾಗ ಬರೀತೀನಿ:
ತಾರೀಖು, ಮಿಲಿಮೀಟರು, ಸಹಿ ಅಯ್ಯಮ್ಮ.
ಕಡೀ ಕಾಲಮ್ಮು ಷರಾ.
ಏಳು ವರ್ಷದಾಗ ಒಂದೇ ಸಲ ತುಂಬೀನಿ,
‘ಡಬ್ಬ್ಯಾಗ ಓತಿಕ್ಯಾತ ಇತ್ತು’ ಅಂತ.
ಲಿಂಗಸುಗೂರಿನ ಗುಮಾಸ್ತ ಬೈದ.
ಆಮ್ಯಾಲ ಖಾಲಿ ಬಿಟ್ಟೆ.

ಮೊನ್ನೆ, ಮಾನಮಿ ಇನ್ನ ಮೂರು ದಿನ ಇದ್ದಾಗ
ಊರಿನ ಕೌದಿ ಎಲ್ಲಾ ಹಳ್ಳದಾಗ.
ಹಿಮ್ಮಡಿ ಮುಳುಗದ ನೀರು,
ಉಸುಕಿನ ಮ್ಯಾಲ ಹಾಸಿದ ಬಣ್ಣ.
ಯಾವುದು ಯಾರ ಮನೀದು
ದಂಡಿಮ್ಯಾಲ ನಿಂತೇ ಹೇಳಬಹುದು.
ಆ ಕಡೆ ಹುಚ್ಚೀರಪ್ಪನ ಕುರಿಹಟ್ಟಿ,
ಉಸುಕಿನಾಗ ಗೂಟ ಬಡಿದು ಬಲೆ ಕಟ್ಟಿದ್ದ.

ಮೂರೂ ನಲವತ್ತಕ್ಕ ಮೆಸೇಜು ಬಂತು.
ನಮ್ಮೂರಾಗ ನೆಟ್‌ವರ್ಕ್ ಸಿಗೋದು ಒಂದೇ ಕಡೆ,
ಅಗಸಿ ಮುಂದಿನ ಬೇವಿನ ಬುಡಕ್ಕ.
ಅಲ್ಲೇ ನಿಂತು ಓದಿದೆ:
‘ಮುಂದಿನ ಮೂರು ತಾಸು ಗುಡುಗು, ಸಿಡಿಲು.
ಮರದ ಕೆಳಗೆ ನಿಲ್ಲಬೇಡಿ.’

ನೆತ್ತಿಮ್ಯಾಲ ಬಿಸಿಲು,
ಬೆಳಗಿಟ್ಟ ತಾಟಿನಂಥಾ ಆಕಾಶ.
ಪಡುವಣಕ್ಕ, ಕುಷ್ಟಗಿ ಕಡೆ ಮಾತ್ರ
ಯಾರೋ ಕರೀ ಕಂಬಳಿ ಝಾಡಿಸಾಕತ್ತಿದ್ರು.
ಸಪ್ಪಳಿಲ್ಲ. ದೂರದ ಗ್ಯಾರೇಜಿನಾಗ
ವೆಲ್ಡಿಂಗ್ ಹೊಡೆದಂಗ ಬೆಳಕು, ಅಷ್ಟೇ.
ಚಿತ್ತಿ ಮಳಿ ಕುರುಡಿ ಅಂತಾರ,
ಎರಚಿದತ್ತ ಎರಚತಾಳಂತ.
ಇರಲಿ. ಹಳ್ಳ ಕುರುಡಲ್ಲ,
ಅದಕ್ಕ ನಮ್ಮೂರ ದಾರಿ ಗೊತ್ತೈತಿ.

ಓಡಿ ಇಳಿದು ಕೂಗಿದೆ.
‘ಎಲ್ಲಿ ಬೇ ಮಳಿ?’ ಶಂಶಾದಬಿ ನಕ್ಕಳು,
ಕೌದಿ ಒಂದು ತುದಿ ನನ್ನ ಕೈಗೇ ಕೊಟ್ಟು
‘ಹಿಂಡು’ ಅಂದಳು.
‘ಒಣಗಲಿ ತಡಿ. ಹಸಿ ಕೌದಿ ಹೊರಾಕ
ನಿಮ್ಮ ಸರಕಾರ ಬರತೈತೇನು?’

ಹಿಂಡಿದೆ.
ಆಕಿ ನಗು ನಡುವ ನಿಂತಿತು.
ಕೆಳಗ ನೋಡಿಕೊಂಡಳು.
‘ಅಯ್ಯಮ್ಮ, ನೀರು ತಣ್ಣಗಾತು.’

ತಣ್ಣಗಷ್ಟೇ ಅಲ್ಲ, ಚಾದ ಬಣ್ಣ.
ಮೂರು ಹಸಿ ತೊಗರಿ ಎಲಿ,
ಒಂದು ಬುರುಗಿನ ಮುದ್ದಿ,
ಸುಮ್ಮನ ನಮ್ಮ ಕಾಲು ಹಾದು ಹೋದವು.

ಆಮ್ಯಾಲ ಯಾರು ಯಾರ ಕೈ ಹಿಡಿದರೋ.
ಕುರಿ ಓಡಂಗಿಲ್ಲ,
ಮುಂದಿಂದು ನಿಂತ್ರ ಎಲ್ಲಾ ನಿಲ್ತಾವ.
ಹುಚ್ಚೀರಪ್ಪ ಬಲೆ ಹರಿದು
ಟಗರಿನ ಕೊಂಬು ಹಿಡಿದು
ದರದರ ಎಳಕೊಂತ ದಂಡಿ ಹತ್ತಿದ,
ಹಿಂದ ಹಿಂಡು, ಹಿಂದ ನಾಯಿ,
ಅದರ ಹಿಂದ ಸಪ್ಪಳ.

ಗುಡುಗಲ್ಲ.
ಹತ್ತು ಲಾರಿ ಕಡಿ ಒಂದೇ ಸಲ ಸುರುವಿದಂಗ.
ನೀರು ಹರಕೊಂತ ಬರಲಿಲ್ಲ,
ನಿಂತುಕೊಂತ ಬಂತು.
ಬೇರು ಸಮೇತ ಜಾಲಿ,
ಹೂವಿದ್ದ ಕುಂಬಳದ ಬಳ್ಳಿ,
ಯಾರದೋ ಮನೀ ಬಾಗಲಾ,
ಚಿಲಕ ಹಾಕಿದ್ದು ಹಾಕಿದಂಗ.

ಮಂದಿ ಎಲ್ಲಾ ಉಳಿದಿವಿ.
ಹದಿನೇಳು ಕುರಿ ಇಲ್ಲ. ನಾಯಿ ಇಲ್ಲ.
ಮ್ಯಾಲಿನೂರ ಹೊಲದಾಗ ಸಿಡಿಲು ಬಡಿದು
ಇಬ್ಬರು ಹೋದರಂತ.
ಹೆಸರು ಇನ್ನ ಬಂದಿಲ್ಲ.

ಮರುದಿನ ಎಂಟೂವರೆಗೆ ಮುಚ್ಚಳ ತೆಗೆದೆ.
ಒಂದು ಗೊದ್ದ ಬಿಸಿಲಿಗೆ ಕಣ್ಣು ಬಿಟ್ಟಂಗ
ದಂಡಿಗುಂಟ ಓಡ್ಯಾಡಿತು. ತಳ ಒಣ.
ಕೊಳವಿ ಎತ್ತಿ ಹಿಡಿದು ಓದಿದೆ,
ಓದೋದು ಕೆಲಸ.
ಬರೆದೆ: 0.0

ಬೇವಿನ ಬುಡಕ್ಕ ಫೋನು ಬಂತು.
‘ನಿಮ್ಮಲ್ಲಿ ಮಳೆ ಎಷ್ಟಮ್ಮ?’
‘ಸೊನ್ನೆ ಸರ್.’
‘ಹಾಗಾದ್ರೆ ಹಾನಿ ಇಲ್ಲ ಅಂತ ಹಾಕ್ಲಾ?’
ಹಾಕಬ್ಯಾಡ್ರಿ ಅಂದೆ.
ಅಷ್ಟರಾಗ ಒಂದು ಹೆಜ್ಜಿ ಸರಿದಿದ್ದೆ ಏನೋ,
ದನಿ ಹರೀತು.

ಹೊಳ್ಳಿ ಬಂದು ಬುಕ್ಕು ಬಿಚ್ಚಿದೆ.
ಕಾಲಮ್ಮು ಹೆಬ್ಬಟ್ಟಿನಷ್ಟು ಅಗಲ,
ಅಕ್ಷರ ನಾಳಿನ ಸಾಲಿಗೆ ಇಳಿದವು:

ಸೇತುವಿ ಕಂಬಿಗೆ ನನ್ನ ಕೌದಿ ಸುತ್ತಿಕೊಂಡೈತಿ,
ಹಳದಿ ಅಂಚಿಂದು.
ತೆಗೆದಿಲ್ಲ.
ಬಂದವರು ಅಲ್ಲಿತನಕ ಅಳೀರಿ.