ಎಡಕ್ಕೆ

ಮೂವತ್ತೊಂದು ವರ್ಷ ಈ ಸೀಮೆಯನ್ನು
ಬಸ್ಸಿನ ಮುಂಗಾಜಿನಲ್ಲಿ ನೋಡಿದವನು ನಾನು.
ದಾವಣಗೆರೆ ಬಿಟ್ಟರೆ ದುರ್ಗ, ದುರ್ಗ ಬಿಟ್ಟರೆ ಹಿರಿಯೂರು,
ನಡುವೆ ಇರುವುದೆಲ್ಲ ನಿಮಿಷ.
ಗುಡ್ಡದ ಮೇಲೆ ತಿರುಗುವ ಫ್ಯಾನುಗಳನ್ನು ಕೂಡ
ಎಣಿಸಿದವನಲ್ಲ.

ಇವತ್ತು ಭಾಮೈದನ ಹಳೇ ಓಮ್ನಿ,
ಬಾಗಿಲು ಹಗ್ಗದಲ್ಲಿ ಕಟ್ಟಿದ್ದು.
ಪಕ್ಕದಲ್ಲಿ ಪಾಪಕ್ಕ, ಮಡಿಲಲ್ಲಿ ಸಜ್ಜೆರೊಟ್ಟಿಯ ಗಂಟು.
ಚಳ್ಳಕೆರೆ ದಾಟಿ ಸ್ವಲ್ಪ ಹೊತ್ತಿಗೆ ಅಂದಳು: "ಎಡಕ್ಕೆ."
ಎಡಕ್ಕೆ ರಸ್ತೆಯೇ ಇರಲಿಲ್ಲ.
"ಐತೆ. ನಿನಗೆ ಕಾಣಲ್ಲ."

ಇತ್ತು. ಎತ್ತಿನಗಾಡಿಯ ಎರಡು ಗೀರು,
ನಡುವೆ ಹಂಚಿಹುಲ್ಲು, ಓಮ್ನಿಯ ಹೊಟ್ಟೆ ಕೆರೆಯುತ್ತ.
ಶೇಂಗಾ ಕಿತ್ತ ಹೊಲ, ಆಮೇಲೆ ಹೊಲವೂ ಮುಗಿದು
ಬರೀ ಕೆಂಪು, ಬರೀ ಕಲ್ಲು.
ಕಲ್ಲು ಅಂದರೆ ಸುಮ್ಮನೆ ಕಲ್ಲಲ್ಲ,
ಒಂದರ ತಲೆಮೇಲೊಂದು ಕೂತು
ಇನ್ನೇನು ಹೊರಟೆವು ಹೊರಟೆವು ಅಂತ
ಯಾವ ಕಾಲದಿಂದಲೋ ಹೇಳುತ್ತಿರುವ ನೆಂಟರು.

ಎರಡನೇ ಗೇರು. ನಾಲ್ಕನೆಯದನ್ನು ನನ್ನ ಕೈ
ತಾನಾಗಿ ಹುಡುಕುತ್ತಿತ್ತು, ನಾನೇ ತಡೆದೆ.
"ಕಾರೆಗಿಡದ ಬಲಕ್ಕೆ." "ಆ ಹುತ್ತ ಬಿಟ್ಟು ಎಡಕ್ಕೆ."
ಕಾರೆಗಿಡ ಅವಳು ಏಳು ವರ್ಷದವಳಿದ್ದಾಗಿನದು,
ಹುತ್ತ ಅದಕ್ಕೂ ಹಿಂದಿನದು.
ಅಪ್ಪನ ಕುರಿಗಳ ಹಿಂದೆ ಬರಿಗಾಲಲ್ಲಿ ನಡೆದ ನಕ್ಷೆ
ಹಿಮ್ಮಡಿಯಲ್ಲಿ ಇನ್ನೂ ಉಳಿದಿತ್ತು;
ಮದುವೆಯಾದ ಮೇಲೆ ಯಾರೂ ಕೇಳಿರಲಿಲ್ಲ.
ಯಾರೂ ಅಂದರೆ, ನಾನು.

ಮಧ್ಯಾಹ್ನದ ಹೊತ್ತಿಗೆ ಗುಡ್ಡಗಳು ಎರಡೂ ಕಡೆಯಿಂದ
ಸರಿದು ಬಂದವು. ಬಿಸಿಲು ಮೇಲೆಯೇ ಉಳಿಯಿತು.
ಕೆಳಗೆ ಒಣಹಳ್ಳ, ಅದರ ಮರಳೇ ಮುಂದಿನ ದಾರಿ.
ಬಂಡೆಗಳ ಮೈಮೇಲೆ ಎಂದೋ ನೀರಿಳಿದ ಕರಿ ಗೆರೆ,
ಅಷ್ಟೆತ್ತರದ ಬಿರುಕಲ್ಲಿ ಹೆಜ್ಜೇನು,
ಅದರ ಪಕ್ಕಕ್ಕೇ ಮಣ್ಣಿನ ಹಂಗಿಲ್ಲದೆ ಹುಟ್ಟಿದ ಒಂದು ಬಸರಿ.
ತಿರುವಿನಲ್ಲಿ, ಅಭ್ಯಾಸಬಲ, ಹಾರನ್ ಒತ್ತಿದೆ.
ಕಣಿವೆ ಅದನ್ನು ನಾಲ್ಕು ಸಲ ನನಗೇ ವಾಪಸು ಕೊಟ್ಟಿತು,
ಚಿಲ್ಲರೆ ಎಣಿಸಿ ಕೊಡುವ ಕಂಡಕ್ಟರನ ಹಾಗೆ.
ಗೌಜಲಹಕ್ಕಿಗಳು ದಡಬಡ ಎದ್ದವು.
"ಥೂ," ಅಂದಳು ಪಾಪಕ್ಕ. "ಇಂಜಿನ್ ಬಂದ್ ಮಾಡು."

ಮಾಡಿದೆ.
ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ,
ಅಂಗೈ ಬಾಯಿಗೆ ಅಡ್ಡ ಹಿಡಿದು ಕೂಗಿದಳು:
ಟ್ರ್ರೂ... ಹೋಯ್!
ನಮ್ಮ ಮನೆಯಲ್ಲಿ ಆ ದನಿ ಎಂದೂ ಇರಲಿಲ್ಲ.
ಹೋಯ್ ಅಂದವು ಬಂಡೆ. ಓಯ್ ಅಂದಿತು ದೂರದ್ದೊಂದು.
ಎಲ್ಲಾ ಮುಗಿದ ಮೇಲೆ, ನೆತ್ತಿಯಿಂದ, ನಿಜವಾದ ಹುಡುಗ:
"ಯಾರವ್ವಾ ಅದು? ಎಷ್ಟು ಕುರಿ ತಪ್ಪಿಸ್ಕೊಂಡ್ವು?"
ತಲೆಗೆ ಕೆಂಪು ಟವೆಲು, ಕೈಯಲ್ಲಿ ಮೊಬೈಲು.
"ಒಂದೇ ಕಣಪ್ಪಾ, ಮುದಿ ಟಗರು," ಅಂದಳು
ನನ್ನ ಕಡೆ ನೋಡದೆ. "ಸಿಕ್ತು ಬಿಡು."

ಹುಡುಗ ಇಳಿದು ಬಂದ, ರೊಟ್ಟಿಗೆ.
ಚಟ್ನಿ ಖಾರ ಅಂದ; ಮೂರು ತಿಂದ.
ಹಿಂದಿನ ಟಯರು ಕೂತಿದ್ದನ್ನು ಅವನೇ ತೋರಿಸಿದ.

ವಾಪಸು ಬರುವಾಗ ಕಲ್ಲುಗಳ ನೆರಳು
ದಾರಿಗೆ ಅಡ್ಡ ಮಲಗಿತ್ತು.
ದೂರದ ಫ್ಯಾನುಗಳು ಕೆಂಪು ದೀಪ ಹಚ್ಚಿಕೊಂಡವು.
ಎಣಿಸಿದೆ: ಹತ್ತೊಂಬತ್ತು.
ಪಾಪಕ್ಕ ಸೀಟಿನ ಮೇಲೆ ಕಾಲು ಮಡಚಿ ನಿದ್ದೆ ಹೋಗಿದ್ದಳು.
ದಾರಿ ಕವಲೊಡೆಯಿತು. ಎರಡೂ ಒಂದೇ ಥರ,
ಎರಡು ಗೀರು, ನಡುವೆ ಹುಲ್ಲು.
ಬೋರ್ಡಿಲ್ಲ, ಮೈಲಿಗಲ್ಲಿಲ್ಲ.
ಗಾಡಿ ನಿಲ್ಲಿಸಿ, ಲೈಟು ಆರಿಸಿ ಕೂತೆ,
ಎಬ್ಬಿಸಲಿಲ್ಲ.
ಲೇಟಾಯಿತೆಂದು ಬೈಯುವ ಒಬ್ಬ ಪ್ಯಾಸೆಂಜರೂ
ಹಿಂದೆ ಇರಲಿಲ್ಲ.